ನ್ಯೂಯಾರ್ಕ್ ತನ್ನ ಫೋಟೊ ತೆಗೆಸಿಕೊಂಡ ಬಗೆ

ಒಂದು ಮ್ಯೂಸಿಯಂ ತನ್ನ ಊರಿನ ಚಿತ್ರ ಮಾಡಿಸಬೇಕೆಂದು ಹೊರಟರೆ ಮೊದಲ ಮಾತು ಹಣದ್ದೇ ಆಗಿರುತ್ತದೆ. ಯಾರು ಕೊಡುತ್ತಾರೆ, ಎಷ್ಟು ಕೊಡುತ್ತಾರೆ, ಎಷ್ಟು ಕಾಲ ಕೊಡುತ್ತಾರೆ. ನಾನು ಇಲ್ಲಿ ಬಿಡಿಸಿ ಹೇಳಹೊರಟಿರುವ ಪ್ರಕರಣದಲ್ಲಿ ಮ್ಯೂಸಿಯಂನ ಬಳಿ ಅದಕ್ಕೆ ಹಣವೇ ಇರಲಿಲ್ಲ. ಹಾಗಿದ್ದೂ, ಒಂದು ನಗರವನ್ನು ಕುರಿತು ಕಳೆದ ಶತಮಾನದಲ್ಲಿ ತಯಾರಾದ ಅತ್ಯಂತ ತೂಕದ ಛಾಯಾಚಿತ್ರ ಸಂಗ್ರಹಗಳಲ್ಲಿ ಒಂದು ಅದರ ಕಪಾಟಿಗೆ ಬಂದು ಸೇರಿತು.

ನ್ಯೂಯಾರ್ಕ್ ನಗರದ ಇತಿಹಾಸಕ್ಕೆಂದೇ 1923ರಲ್ಲಿ ಹುಟ್ಟಿದ ಸಂಸ್ಥೆ ‘ಮ್ಯೂಸಿಯಂ ಆಫ್ ದಿ ಸಿಟಿ ಆಫ್ ನ್ಯೂಯಾರ್ಕ್’. ಚಿತ್ರ ತೆಗೆದವರು ಬೆರೆನೀಸ್ ಆಬಟ್. ಯೋಜನೆಯ ಹೆಸರು ‘ಚೇಂಜಿಂಗ್ ನ್ಯೂಯಾರ್ಕ್’, ಬದಲಾಗುತ್ತಿರುವ ನ್ಯೂಯಾರ್ಕ್. 1935ರಿಂದ 1939ರವರೆಗೆ ನಡೆದ ಈ ಕೆಲಸದಿಂದ ಸುಮಾರು 300 ಚಿತ್ರಗಳು ಹುಟ್ಟಿದವು. ಆಬಟ್ ಅವರಿಗೆ ಸಂಬಳ ಕೊಟ್ಟದ್ದು ಅಮೆರಿಕದ ಕೇಂದ್ರ ಸರ್ಕಾರ, ಮ್ಯೂಸಿಯಂ ಅಲ್ಲ. ಹಾಗಾದರೆ ಇದನ್ನು ಮ್ಯೂಸಿಯಂ ಮಾಡಿಸಿದ ಕೆಲಸ ಎಂದು ಹೇಗೆ ಕರೆಯುವುದು ಎಂದು ಕೇಳುವವರಿದ್ದಾರೆ. ಕರೆಯಲೇಬೇಕು ಎಂಬುದು ನನ್ನ ವಾದ. ಮ್ಯೂಸಿಯಂ ತನ್ನ ಹೆಸರನ್ನು, ತನ್ನ ಗೋಡೆಯನ್ನು, ತನ್ನ ಕಪಾಟನ್ನು ಕೊಟ್ಟಿತು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಚಿತ್ರಗಳು ಇಂದು ನಮ್ಮ ಕಣ್ಣಿಗೆ ಈ ರೂಪದಲ್ಲಿ ಬೀಳುತ್ತಿರಲಿಲ್ಲ.

ಪ್ಯಾರಿಸ್‌ನ ಪಾಠ

ಕಲಾವಿದೆ ಮತ್ತು ಮ್ಯೂಸಿಯಂ ಇಬ್ಬರಿಗೂ ಗುರುಸ್ಥಾನದಲ್ಲಿದ್ದದ್ದು ಒಂದೇ ಊರು. ಪ್ಯಾರಿಸ್ ನಗರದ ಇತಿಹಾಸಕ್ಕೆ ಮೀಸಲಾದ ಕಾರ್ನಾವಲೇ ಮ್ಯೂಸಿಯಂ ಅನ್ನು ಮಾದರಿಯಾಗಿ ಇಟ್ಟುಕೊಂಡೇ ನ್ಯೂಯಾರ್ಕ್‌ನವರು ತಮ್ಮ ಮ್ಯೂಸಿಯಂ ಕಟ್ಟಿದ್ದರು. ಹಳೆಯ ಪ್ಯಾರಿಸ್‌ನ ಓಣಿ, ಅಂಗಳ, ಅಂಗಡಿ, ಮೆಟ್ಟಿಲುಗಳನ್ನು ಸುಮಾರು ಮೂವತ್ತು ವರ್ಷ ಎಡೆಬಿಡದೆ ಸೆರೆಹಿಡಿದ ಯೂಜೀನ್ ಅಟ್ಜೇ ಎಂಬ ಛಾಯಾಗ್ರಾಹಕನಿಂದ ಚಿತ್ರಗಳನ್ನು ಕೊಳ್ಳುತ್ತಿದ್ದ ಸಂಸ್ಥೆಗಳಲ್ಲಿ ಆ ಕಾರ್ನಾವಲೇಯೂ ಒಂದು.

ಆಬಟ್ 1898ರಲ್ಲಿ ಓಹಾಯೋ ರಾಜ್ಯದಲ್ಲಿ ಹುಟ್ಟಿದವರು. 1921ರಲ್ಲಿ ಶಿಲ್ಪಕಲೆ ಕಲಿಯುವ ಆಸೆಯಿಂದ ಪ್ಯಾರಿಸ್‌ಗೆ ಹೋದರು. ಅಲ್ಲಿ ಅಮೆರಿಕದ ಕಲಾವಿದ, ಛಾಯಾಗ್ರಾಹಕ ಮ್ಯಾನ್ ರೇ ಅವರ ಸ್ಟುಡಿಯೋದ ಡಾರ್ಕ್‌ರೂಮ್‌ನಲ್ಲಿ ಸಹಾಯಕಿಯಾಗಿ ಸೇರಿ, ಕೆಲಸ ಕಲಿತು, ಕೆಲವೇ ವರ್ಷಗಳಲ್ಲಿ ತಮ್ಮದೇ ಸ್ಟುಡಿಯೋ ತೆರೆದು ಭಾವಚಿತ್ರಗಳಿಗೆ ಹೆಸರಾದರು. ಅಟ್ಜೇಯ ಚಿತ್ರಗಳನ್ನು ಕಂಡದ್ದು ಆಗಲೇ. 1927ರಲ್ಲಿ ಆ ಮುದುಕನನ್ನು ಕರೆತಂದು ಕೂರಿಸಿ ಅವನ ಭಾವಚಿತ್ರ ತೆಗೆದರು. ಪ್ರಿಂಟ್ ಹಾಕಿಸಿ ತೋರಿಸಲೆಂದು ಅವನ ಮನೆಗೆ ಹೋದಾಗ ಅವನು ತೀರಿಕೊಂಡಿದ್ದ. ಮರುವರ್ಷ ಅವನ ಬಳಿ ಉಳಿದಿದ್ದ ನೆಗೆಟಿವ್‌ಗಳನ್ನೂ ಸಾವಿರಾರು ಪ್ರಿಂಟ್‌ಗಳನ್ನೂ ಆಬಟ್ ಕೊಂಡುಕೊಂಡರು. ಆ ರಾಶಿಯನ್ನು ದಶಕಗಳ ಕಾಲ ಕಾಪಾಡಿದರು. 1968ರಲ್ಲಿ ನ್ಯೂಯಾರ್ಕ್‌ನ ಆಧುನಿಕ ಕಲಾ ಮ್ಯೂಸಿಯಂ ಅದನ್ನು ಕೊಂಡಿತು.

ಈ ಹಿನ್ನೆಲೆಯನ್ನು ವಿವರವಾಗಿ ಹೇಳಲು ಕಾರಣವಿದೆ. ಊರೊಂದರ ಚಿತ್ರ ತೆಗೆಯುವುದು ಒಂದು ಬೇಸಿಗೆಯ ಕೆಲಸವಲ್ಲ, ತೆಗೆದ ಮೇಲೆ ಅದಕ್ಕೊಂದು ಮನೆ ಸಿಗದಿದ್ದರೆ ರಾಶಿಯೆಲ್ಲ ಕಸದ ಪಾಲಾಗುತ್ತದೆ ಎಂಬುದು ಆಬಟ್ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ. ಸತ್ತ ಕಲಾವಿದನ ಕೋಣೆಯಿಂದ ಗಾಜಿನ ನೆಗೆಟಿವ್‌ಗಳನ್ನು ಹೊರಗೆ ತಂದ ಕೈಗಳು ಅವರವು.

ಬುಧವಾರಗಳು

1929ರ ಆರಂಭದಲ್ಲಿ, ಅಟ್ಜೇಯ ಚಿತ್ರಗಳಿಗೊಬ್ಬ ಪ್ರಕಾಶಕನನ್ನು ಹುಡುಕುವ ಕೆಲಸದ ಮೇಲೆ ಆಬಟ್ ನ್ಯೂಯಾರ್ಕ್‌ಗೆ ಬಂದರು. ಎಂಟು ವರ್ಷಗಳ ಹಿಂದೆ ಬಿಟ್ಟುಹೋಗಿದ್ದ ಊರು ಗುರುತು ಸಿಗದಷ್ಟು ಬದಲಾಗಿತ್ತು. ಹಳೆಯ ಇಟ್ಟಿಗೆ ಮನೆಗಳ ಹೆಗಲ ಮೇಲಿಂದ ಉಕ್ಕಿನ ಗೋಪುರಗಳು ಏಳುತ್ತಿದ್ದವು. ಅಗೆದ ಹೊಂಡದ ಪಕ್ಕದಲ್ಲೇ ನೂರು ವರ್ಷದ ಅಂಗಡಿ ಬಾಗಿಲು ತೆರೆದು ಕೂತಿತ್ತು. ಪ್ಯಾರಿಸ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಸ್ಟುಡಿಯೋ ಮುಚ್ಚಿ ಅವರು ನ್ಯೂಯಾರ್ಕ್‌ನಲ್ಲೇ ನಿಂತುಬಿಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಷೇರುಪೇಟೆ ಕುಸಿಯಿತು.

ಮುಂದಿನ ಆರು ವರ್ಷ ಅವರು ಈ ಕೆಲಸವನ್ನು ಒಂಟಿಯಾಗಿ ಮಾಡಿದರು. ಹೊಟ್ಟೆಪಾಡಿಗೆ ಪತ್ರಿಕೆಗಳ ಕೆಲಸ, ಭಾವಚಿತ್ರಗಳ ಕೆಲಸ. ನಗರಕ್ಕೆಂದು ಉಳಿಯುತ್ತಿದ್ದದ್ದು ವಾರದಲ್ಲಿ ಒಂದು ದಿನ, ಬುಧವಾರ. ಮೊದಲು ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮರಾದಲ್ಲಿ ಟಿಪ್ಪಣಿ ಮಾಡಿಕೊಂಡಂತೆ ತೆಗೆಯುತ್ತಿದ್ದವರು, ಆಮೇಲೆ 8 ಅಂಗುಲಕ್ಕೆ 10 ಅಂಗುಲದ ನೆಗೆಟಿವ್ ಕೊಡುವ ದೊಡ್ಡ ಕ್ಯಾಮರಾಕ್ಕೆ ಬದಲಾದರು. ಈ ಕ್ಯಾಮರಾದ ಗುಣವನ್ನು ಅರಿಯದೆ ಆ ಚಿತ್ರಗಳು ಅರ್ಥವಾಗುವುದಿಲ್ಲ. ಅದನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಬೇಕು, ಕಪ್ಪು ಬಟ್ಟೆಯೊಳಗೆ ತಲೆ ತೂರಿಸಬೇಕು, ಗಾಜಿನ ಮೇಲೆ ತಲೆಕೆಳಗಾಗಿ ಮೂಡುವ ಬಿಂಬವನ್ನು ನೋಡಿ ಚೌಕಟ್ಟು ತೀರ್ಮಾನಿಸಬೇಕು. ಆತುರಕ್ಕೆ ಒಗ್ಗುವ ಯಂತ್ರವಲ್ಲ. ಬದಲಿಗೆ ಗೋಡೆಯ ಮೇಲಿನ ಸಣ್ಣ ಅಕ್ಷರವನ್ನೂ ಬಿಡದೆ ಹಿಡಿಯುತ್ತದೆ.

ಈ ವರ್ಷಗಳದ್ದೇ ಒಂದು ಚಿತ್ರವಿದೆ, ರಾತ್ರಿಯ ನ್ಯೂಯಾರ್ಕ್‌ನದ್ದು. ಎಂಪೈರ್ ಸ್ಟೇಟ್ ಕಟ್ಟಡದ ಮೇಲಿನಿಂದ ಕೆಳಗೆ ನೋಡಿದರೆ ಸಾವಿರಾರು ಕಿಟಕಿಗಳ ಬೆಳಕು. ಅದಕ್ಕೆ ಬೇಕಾಗಿದ್ದದ್ದು ಹದಿನೈದು ನಿಮಿಷಗಳ ಎಕ್ಸ್‌ಪೋಷರ್, ಅಂದರೆ ಅಷ್ಟು ಹೊತ್ತು ಕ್ಯಾಮರಾದ ಕಣ್ಣು ತೆರೆದೇ ಇರಬೇಕು. ಕಚೇರಿಗಳು ಐದು ಗಂಟೆಗೆ ಬಿಡುತ್ತವೆ, ದೀಪಗಳು ಆರುತ್ತವೆ. ಐದಕ್ಕೆ ಮೊದಲೇ ಪೂರ್ತಿ ಕತ್ತಲಾಗಿರಬೇಕು. ಅಂಥ ದಿನಗಳು ವರ್ಷದಲ್ಲಿ ಬೆರಳೆಣಿಕೆಯಷ್ಟು, ಡಿಸೆಂಬರ್‌ನ ಅತಿ ಚಿಕ್ಕ ಹಗಲಿನ ಸುತ್ತಮುತ್ತ. ಮೇಲಾಗಿ ಅಷ್ಟೆತ್ತರದ ಕಟ್ಟಡ ಗಾಳಿಗೆ ತುಸು ತೂಗುತ್ತದೆ. ಇಷ್ಟೆಲ್ಲವನ್ನು ಲೆಕ್ಕಹಾಕಿ ತೆಗೆದ ಒಂದೇ ಚಿತ್ರ ಅದು. ಇಂಥವರಿಗೆ ವಾರಕ್ಕೆ ಒಂದು ದಿನ ಮಾತ್ರ ಸಿಗುತ್ತಿತ್ತೆಂಬುದನ್ನು ನೆನೆದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕೈಚಾಚಿದ ಕಡೆಯೆಲ್ಲ

ಆಬಟ್ ಸುಮ್ಮನೆ ಕೂತವರಲ್ಲ. ಕಲಾವಿದರಿಗೆ ಧನಸಹಾಯ ಕೊಡುವ ಗುಗೆನ್‌ಹೈಮ್ ಪ್ರತಿಷ್ಠಾನಕ್ಕೆ ಅರ್ಜಿ ಹಾಕಿದರು, ಇಲ್ಲವೆಂದರು. ನ್ಯೂಯಾರ್ಕ್‌ನ ಇತಿಹಾಸ ಸಂಘದ ಬಾಗಿಲು ತಟ್ಟಿದರು, ಅಲ್ಲಿಯೂ ಕೆಲಸವಾಗಲಿಲ್ಲ. ಮ್ಯೂಸಿಯಂನ ನಿರ್ದೇಶಕ ಹಾರ್ಡಿಂಜ್ ಶೋಲ್ ಮಾತ್ರ ಈ ಚಿತ್ರಗಳ ಬೆಲೆ ಏನೆಂದು ಕಂಡುಕೊಂಡರು. ಆದರೆ ಅವರ ಸಂಸ್ಥೆ ಫಿಫ್ತ್ ಅವೆನ್ಯೂದಲ್ಲಿ ಹೊಸ ಕಟ್ಟಡಕ್ಕೆ ಬಂದು ಜನರಿಗೆ ಬಾಗಿಲು ತೆರೆದದ್ದೇ 1932ರಲ್ಲಿ, ಆರ್ಥಿಕ ಮುಗ್ಗಟ್ಟಿನ ನಡುನೀರಿನಲ್ಲಿ. ಕೊಡುವ ಮನಸ್ಸಿತ್ತು, ಪೆಟ್ಟಿಗೆ ಬರಿದಾಗಿತ್ತು. ಮ್ಯೂಸಿಯಂನ ಶ್ರೀಮಂತ ಪೋಷಕರಿಗೆ ಪತ್ರಗಳು ಹೋದವು, ಈ ಕೆಲಸಕ್ಕೆ ಕೈಲಾದಷ್ಟು ಕೊಡಿ ಎಂದು. ಬಹುತೇಕ ಏನೂ ಬರಲಿಲ್ಲ.

ಆಗ ಮ್ಯೂಸಿಯಂ ತನ್ನಿಂದ ಸಾಧ್ಯವಿದ್ದ ಒಂದನ್ನು ಮಾಡಿತು. 1934ರಲ್ಲಿ ಆಬಟ್ ಅವರ ನ್ಯೂಯಾರ್ಕ್ ಚಿತ್ರಗಳನ್ನು ತನ್ನ ಗೋಡೆಯ ಮೇಲೆ ತೂಗುಹಾಕಿ ಪ್ರದರ್ಶಿಸಿತು. ಈ ಇಡೀ ಪ್ರಕರಣದ ತಿರುವು ಅಲ್ಲಿದೆ ಎಂದು ನಾನು ಭಾವಿಸುತ್ತೇನೆ. ಹಣ ಹೊಂದಿಸಲಾಗದ ಸಂಸ್ಥೆಗಳು ಸಾಮಾನ್ಯವಾಗಿ ಕಲಾವಿದರಿಗೆ ‘ಮುಂದೆ ನೋಡೋಣ’ ಎಂದು ಹೇಳಿ ಕಳಿಸುತ್ತವೆ. ಶೋಲ್ ಹಾಗೆ ಕಳಿಸಲಿಲ್ಲ. ಹಣ ಬರುವ ಮೊದಲೇ ಕೆಲಸಕ್ಕೆ ಸಾರ್ವಜನಿಕ ಮರ್ಯಾದೆ ಬಂತು. ಮರುವರ್ಷ ಸರ್ಕಾರದ ಹಣದ ಬಾಗಿಲು ತೆರೆದಾಗ, ಆಬಟ್ ಅವರ ಕೈಯಲ್ಲಿ ಅರ್ಜಿಯ ಜತೆಗೆ ಒಂದು ಮ್ಯೂಸಿಯಂನ ಹೆಸರೂ ಇತ್ತು.

1935ರ ಏರ್ಪಾಟು

1935ರ ಬೇಸಿಗೆಯಲ್ಲಿ, ರೂಸ್‌ವೆಲ್ಟ್ ಸರ್ಕಾರದ ಉದ್ಯೋಗ ಯೋಜನೆಯಾದ ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್‌ನ ಅಡಿಯಲ್ಲಿ ‘ಫೆಡರಲ್ ಆರ್ಟ್ ಪ್ರಾಜೆಕ್ಟ್’ ಶುರುವಾಯಿತು. ಕೆಲಸವಿಲ್ಲದ ಕಲಾವಿದರಿಗೆ ಸರ್ಕಾರವೇ ಸಂಬಳ ಕೊಟ್ಟು ಕೆಲಸ ಮಾಡಿಸುವುದು ಅದರ ಉದ್ದೇಶ. ಹೀಗೆ ತಯಾರಾದ ಕೃತಿಗಳು ಸಾರ್ವಜನಿಕ ಸಂಸ್ಥೆಗಳಿಗೆ ಸೇರಬೇಕಿತ್ತು. ಇಂಥ ಯೋಜನೆಯೊಂದಕ್ಕೆ ಬೆಂಬಲವಾಗಿ ನಿಲ್ಲುವ ಸಂಸ್ಥೆಯೂ ಬೇಕಿತ್ತು. ಮ್ಯೂಸಿಯಂ ಬೆಂಬಲಕ್ಕೆ ನಿಂತಿತು. ಆಬಟ್ ಅವರಿಗೆ ತಿಂಗಳಿಗೆ 145 ಡಾಲರ್ ಸಂಬಳ ಗೊತ್ತಾಯಿತು. ಡಾರ್ಕ್‌ರೂಮ್ ಕೆಲಸಗಾರರು, ಕ್ಯಾಮರಾ ಹೊರುವ ಸಹಾಯಕರು, ಕಟ್ಟಡಗಳ ಇತಿಹಾಸ ಕೆದಕುವ ಸಂಶೋಧಕರು ಜತೆಯಾದರು. ಬುಧವಾರದ ಕೆಲಸ ವಾರಪೂರ್ತಿಯ ಕೆಲಸವಾಯಿತು.

ಆ ಕಾಲದ ಅನೇಕ ಸರ್ಕಾರಿ ಯೋಜನೆಗಳಲ್ಲಿ ಕಲಾವಿದರಿಗೆ ವಿಷಯ ಕೊಡಲಾಗುತ್ತಿತ್ತು. ಇಲ್ಲಿ ನಗರವನ್ನು ಹೇಗೆ ನೋಡಬೇಕೆಂಬ ನಕ್ಷೆಯನ್ನು ಕಲಾವಿದೆಯೇ ಬರೆದರು. ಭೂತಕಾಲವೂ ವರ್ತಮಾನವೂ ಒಂದೇ ಬೀದಿಯಲ್ಲಿ ಒಂದನ್ನೊಂದು ಮೊಣಕೈಯಿಂದ ತಳ್ಳುತ್ತಿರುವುದನ್ನು ಹಿಡಿಯುವುದು ಅವರ ಗುರಿಯಾಗಿತ್ತು. ಅದಕ್ಕಾಗಿ ನಗರವನ್ನು ಮೂರಾಗಿ ವಿಂಗಡಿಸಿಕೊಂಡರು. ಕಟ್ಟಡ, ಬೀದಿ, ಚೌಕಗಳಂಥ ಭೌತಿಕ ರೂಪ ಒಂದು. ಸಾರಿಗೆ, ಸಂಪರ್ಕ, ಆಹಾರ ಪೂರೈಕೆಯಂಥ ಬದುಕಿನ ಸಾಧನಗಳು ಇನ್ನೊಂದು. ಜನ ಮತ್ತು ಅವರು ಬಾಳುವ ರೀತಿ ಮೂರನೆಯದು. ಮ್ಯೂಸಿಯಂ ಈ ನಕ್ಷೆಯನ್ನು ಒಪ್ಪಿಕೊಂಡಿತು. ನಮ್ಮ ಪೋಷಕರ ಮನೆ ಬರಲಿ, ನಮ್ಮ ಕಟ್ಟಡ ಬರಲಿ ಎಂಬ ಪಟ್ಟಿಯ ಪ್ರಕಾರ ನಡೆದ ಕೆಲಸವಲ್ಲ ಇದೆಂಬುದು ಚಿತ್ರಗಳನ್ನು ನೋಡಿದರೆ ತಿಳಿಯುತ್ತದೆ: ಕೋಳಿ ಮಾರುವ ಅಂಗಡಿಗೂ ಷೇರುಪೇಟೆಯ ಬೀದಿಗೂ ಅಲ್ಲಿ ಒಂದೇ ಗಾತ್ರದ ನೆಗೆಟಿವ್, ಒಂದೇ ಪ್ರಮಾಣದ ಗಮನ.

ಬೀದಿಯಲ್ಲಿ

ಬೌರಿ ಎಂಬುದು ಆಗ ನಿರ್ಗತಿಕರ, ಕುಡುಕರ, ಅಗ್ಗದ ತಂಗುಮನೆಗಳ ಬೀದಿ. ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಅಲ್ಲಿಗೆ ಹೋಗುವುದಿಲ್ಲ ಎಂದು ಮೇಲಧಿಕಾರಿಯೊಬ್ಬ ಬುದ್ಧಿ ಹೇಳಿದಾಗ, ತಾನು ಅಂಥ ಹೆಣ್ಣುಮಗಳಲ್ಲ, ಛಾಯಾಗ್ರಾಹಕಿ, ಎಲ್ಲಿಗೆ ಬೇಕಾದರೂ ಹೋಗುತ್ತೇನೆ ಎಂದು ಆಬಟ್ ಉತ್ತರಿಸಿದ್ದರು. ಹೋದರು ಕೂಡ. 1935ರ ಅಕ್ಟೋಬರ್‌ನಲ್ಲಿ ಬೌರಿಯ 103ನೇ ನಂಬರಿನ ಬ್ಲಾಸಮ್ ರೆಸ್ಟೋರೆಂಟ್ ಮುಂದೆ ಮುಕ್ಕಾಲಿ ಊರಿದರು. ಆ ಚಿತ್ರದಲ್ಲಿ ಹೋಟೆಲಿನ ಮುಖವೆಲ್ಲ ಅಕ್ಷರಮಯ. ಯಾವ ಊಟಕ್ಕೆ ಎಷ್ಟು ಸೆಂಟ್ ಎಂಬುದು ದಪ್ಪ ಅಕ್ಷರಗಳಲ್ಲಿ ಸಾಲುಸಾಲಾಗಿ ಬರೆದಿದೆ. ಪಕ್ಕದಲ್ಲೇ ಕ್ಷೌರದಂಗಡಿಯ ಪಟ್ಟೆಪಟ್ಟೆಯ ಕಂಬ. ಆರ್ಥಿಕ ಮುಗ್ಗಟ್ಟಿನ ಬಗ್ಗೆ ಎಷ್ಟೋ ಪುಟ ಓದಿದವನಿಗೂ, ಒಬ್ಬ ಮನುಷ್ಯ ಆ ಬೀದಿಯಲ್ಲಿ ಜೇಬಿನಲ್ಲಿ ಎಷ್ಟಿದ್ದರೆ ಹೊಟ್ಟೆ ತುಂಬಿಸಿಕೊಳ್ಳಬಹುದಿತ್ತು ಎಂಬುದನ್ನು ಇಷ್ಟು ನೇರವಾಗಿ ಹೇಳುವ ದಾಖಲೆ ಸಿಗಲಾರದು.

ಬ್ಲೀಕರ್ ಸ್ಟ್ರೀಟ್‌ನ 259ನೇ ನಂಬರಿನ ಬ್ರೆಡ್ ಅಂಗಡಿಯ ಚಿತ್ರ 1937ರದ್ದು. ಕಿಟಕಿಯ ತುಂಬ ಬ್ರೆಡ್: ಗುಂಡನೆಯವು, ಉದ್ದನೆಯವು, ಬಳೆಯಾಕಾರದವು. ಮೇಲ್ಮೈ ಒಡೆದು ಬಿರುಕುಬಿಟ್ಟ ಗೆರೆಗಳೂ ಎಣಿಸುವಷ್ಟು ಸ್ಪಷ್ಟ. ಇಟಲಿಯಿಂದ ಬಂದು ನೆಲೆಸಿದ ಜನರ ಕೇರಿಯನ್ನು ತೋರಿಸಲು ಆಬಟ್ ಒಬ್ಬ ಇಟಾಲಿಯನ್ನನನ್ನೂ ನಿಲ್ಲಿಸಬೇಕಾಗಲಿಲ್ಲ. ಅವರು ದಿನವೂ ಏನು ತಿನ್ನುತ್ತಿದ್ದರು ಎಂಬುದನ್ನು ತೋರಿಸಿದರು. ಆ ಅಂಗಡಿ 2004ರವರೆಗೂ ನಡೆಯಿತು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡುವ ಚಿತ್ರ ಟೈಮ್ಸ್ ಸ್ಕ್ವೇರ್‌ನದ್ದು. ಮೊದಲ ಮಹಾಯುದ್ಧದಲ್ಲಿ ಸೈನಿಕರ ಪಾದ್ರಿಯಾಗಿದ್ದ ಫಾದರ್ ಡಫಿಯ ಪ್ರತಿಮೆ 1937ರ ಮೇ 2ರಂದು ಅನಾವರಣಗೊಳ್ಳಲಿತ್ತು. ಆಬಟ್ ಅದಕ್ಕೂ ಕೆಲವು ದಿನ ಮೊದಲು, ಏಪ್ರಿಲ್‌ನಲ್ಲೇ ಅಲ್ಲಿಗೆ ಹೋದರು. ಚಿತ್ರದಲ್ಲಿರುವುದು ಬಟ್ಟೆ ಸುತ್ತಿ, ಹಗ್ಗದಿಂದ ಬಿಗಿದು ನಿಲ್ಲಿಸಿದ ಒಂದು ಆಕಾರ, ಅದರ ಹಿಂದೆ ಕಲ್ಲಿನ ಶಿಲುಬೆ, ಸುತ್ತಲೂ ಆಳೆತ್ತರವನ್ನೂ ಮೀರಿದ ಜಾಹೀರಾತು ಫಲಕಗಳು. ಸಮಾರಂಭದ ದಿನ ಹೋಗಿದ್ದರೆ ಹೂಹಾರ, ಭಾಷಣ, ಟೋಪಿಗಳ ಸಮುದ್ರ ಸಿಗುತ್ತಿತ್ತು. ಅದನ್ನು ಪತ್ರಿಕೆಯವರು ಹೇಗೂ ತೆಗೆಯುತ್ತಿದ್ದರು. ಮುಸುಕು ಹಾಕಿಕೊಂಡು ನಿಂತ ಆ ಮನುಷ್ಯಾಕಾರವನ್ನು ನೋಡುತ್ತ, ಗೌರವಿಸಲೆಂದು ನಿಲ್ಲಿಸಿದವನನ್ನು ನಗರ ತನ್ನ ವ್ಯಾಪಾರದ ಗದ್ದಲದಲ್ಲಿ ಹೇಗೆ ಉಸಿರುಕಟ್ಟಿಸುತ್ತದೆ ಎಂಬುದು ಅರಿವಾಗುತ್ತದೆ. ಯಾವ ದಿನ ಹೋಗಬೇಕೆಂಬ ತೀರ್ಮಾನ ಕಲಾವಿದೆಯ ಕೈಯಲ್ಲಿದ್ದದ್ದರಿಂದಲೇ ಇದು ಸಾಧ್ಯವಾಯಿತು.

ಸಂಶೋಧಕರ ಕೆಲಸವನ್ನೂ ಮರೆಯುವಂತಿಲ್ಲ. ಪ್ರತಿ ಚಿತ್ರಕ್ಕೂ ಜಾಗ, ದಿನಾಂಕ, ಕಟ್ಟಡದ ಹಿಂದಿನ ಕಥೆ ಸೇರಿಸಿ ಕಡತ ಮಾಡುತ್ತಿದ್ದರು. ಅರವತ್ತು ವರ್ಷಗಳ ನಂತರ ಡಗ್ಲಸ್ ಲೆವೆರ್ ಎಂಬ ಛಾಯಾಗ್ರಾಹಕ ಅದೇ ಬಗೆಯ ಕ್ಯಾಮರಾ ಹೊತ್ತು, ಅದೇ ಜಾಗಗಳಲ್ಲಿ, ಅದೇ ಹೊತ್ತಿಗೆ ನಿಂತು ಮತ್ತೆ ಚಿತ್ರ ತೆಗೆಯಲು ಸಾಧ್ಯವಾದದ್ದು ಈ ಶಿಸ್ತಿನಿಂದಾಗಿ.

ತೆಳುವಾದ ಕಡೆಗಳು

ಇಷ್ಟೆಲ್ಲ ಹೊಗಳಿದ ಮೇಲೆ ಕೊರತೆಯನ್ನೂ ಹೇಳಬೇಕು. ನಕ್ಷೆಯ ಮೂರನೆಯ ಭಾಗ, ಜನ ಮತ್ತು ಅವರು ಬಾಳುವ ರೀತಿ, ಉಳಿದೆರಡರಷ್ಟು ತುಂಬಿಕೊಳ್ಳಲಿಲ್ಲ. ಜನ ಇದ್ದಾರೆ, ಆದರೆ ಹೆಚ್ಚಾಗಿ ಬೀದಿಯ ಅಂಚಿನಲ್ಲಿ, ಬೆನ್ನು ತಿರುಗಿಸಿಕೊಂಡು, ಕೆಲವೊಮ್ಮೆ ನಡೆಯುತ್ತಲೇ ಕರಗಿಹೋಗಿ. ದೊಡ್ಡ ಕ್ಯಾಮರಾ ಕಟ್ಟಡಕ್ಕೆ ಹೇಳಿಮಾಡಿಸಿದ್ದು. ಮಗುವಿನ ಓಟಕ್ಕೆ ಅದು ಕಾಯುವುದಿಲ್ಲ, ಮಗುವೂ ಅದಕ್ಕೆ ಕಾಯುವುದಿಲ್ಲ. ಭೂಗೋಳದಲ್ಲಿಯೂ ಅಸಮತೋಲನವಿದೆ. ಕೆಳ ಮ್ಯಾನ್‌ಹಟನ್‌ಗೆ ಸಿಂಹಪಾಲು; ಬ್ರೂಕ್ಲಿನ್‌ಗೆ ತಕ್ಕಮಟ್ಟಿಗೆ ಸಿಕ್ಕಿತು; ನಗರದ ಉಳಿದ ಭಾಗಗಳಾದ ಬ್ರಾಂಕ್ಸ್, ಕ್ವೀನ್ಸ್, ಸ್ಟೇಟನ್ ಐಲೆಂಡ್‌ಗಳಿಗೆ ಚೂರುಪಾರು. ಕಪ್ಪು ಜನರ ಕೇರಿಯೆಂದು ಹೆಸರಾದ ಹಾರ್ಲೆಮ್‌ನ ಚಿತ್ರಗಳು ಬೆರಳೆಣಿಕೆಯಷ್ಟು. ಮ್ಯೂಸಿಯಂ ಇರುವುದು ಫಿಫ್ತ್ ಅವೆನ್ಯೂ ಮತ್ತು 103ನೇ ಸ್ಟ್ರೀಟ್ ಸೇರುವಲ್ಲಿ, ಈಸ್ಟ್ ಹಾರ್ಲೆಮ್‌ನ ಹೊಸ್ತಿಲಲ್ಲಿ. ಬಾಗಿಲ ಮುಂದಿನ ಕೇರಿಯೇ ಊರಿನ ಚಿತ್ರದಲ್ಲಿ ಇಷ್ಟು ಕಡಿಮೆ ಕಾಣಿಸಿದ್ದು ನನಗೆ ನೋವಿನ ವಿಷಯ. ಅದೇ ವರ್ಷಗಳಲ್ಲಿ ಫೋಟೊ ಲೀಗ್ ಎಂಬ ಸಂಘದ ಯುವ ಛಾಯಾಗ್ರಾಹಕರು ಏರನ್ ಸಿಸ್ಕಿಂಡ್ ಮುಂದಾಳತ್ವದಲ್ಲಿ ಹಾರ್ಲೆಮ್‌ನ ಮನೆಗಳ ಒಳಗೆ, ಬೀದಿಗಳಲ್ಲಿ ಸಣ್ಣ ಕ್ಯಾಮರಾ ಹಿಡಿದು ಓಡಾಡುತ್ತಿದ್ದರು. ಒಬ್ಬರ ಕಣ್ಣು ಎಷ್ಟೇ ಹರಿತವಾಗಿದ್ದರೂ ಇಡೀ ಊರಿಗೆ ಒಂದೇ ಕಣ್ಣು ಸಾಲದು. ಕಲಾವಿದೆಗೆ ಪೂರ್ಣ ಸ್ವಾತಂತ್ರ್ಯ ಕೊಟ್ಟದ್ದು ಸರಿಯಾಗಿಯೇ ಇತ್ತು. ಬಿಟ್ಟುಹೋದ ಕೇರಿಗಳಿಗೆ ಇನ್ನೊಬ್ಬರನ್ನು ಕರೆಯುವ ಹೊಣೆ ಮಾತ್ರ ಕಲಾವಿದೆಯದ್ದಾಗಿರಲಿಲ್ಲ.

ಮಾತು ಕಳೆದುಕೊಂಡ ಪುಸ್ತಕ

1937ರಲ್ಲಿ ಮ್ಯೂಸಿಯಂ ಯೋಜನೆಯ ಚಿತ್ರಗಳನ್ನು ಪ್ರದರ್ಶಿಸಿತು. ಮುಂದಿನ ಹೆಜ್ಜೆ ಪುಸ್ತಕ. ಆಬಟ್ ಅವರ ಬಾಳಸಂಗಾತಿಯಾಗಿದ್ದ ಕಲಾ ವಿಮರ್ಶಕಿ ಎಲಿಜಬೆತ್ ಮೆಕಾಸ್ಲೆಂಡ್ ಅಡಿಬರಹಗಳನ್ನು ಬರೆದರು. ಚಿತ್ರವನ್ನು ಹೇಗೆ ಓದಬೇಕು, ಈ ಕಟ್ಟಡ ಏಕೆ ಹೀಗಿದೆ, ಈ ಕೇರಿಯ ಬಡತನಕ್ಕೂ ಆ ಗೋಪುರದ ಎತ್ತರಕ್ಕೂ ಏನು ನಂಟು ಎಂಬುದನ್ನು ಅವರ ಬರಹ ಕೆದಕುತ್ತಿತ್ತು. ಚಿತ್ರ ಮತ್ತು ಮಾತು ಎದುರುಬದುರು ಕೂತು ಸಂವಾದ ನಡೆಸುವಂಥ ಪುಸ್ತಕ ಇಬ್ಬರ ಮನಸ್ಸಿನಲ್ಲಿತ್ತು.

1939ರ ಏಪ್ರಿಲ್ 30ಕ್ಕೆ ನ್ಯೂಯಾರ್ಕ್‌ನಲ್ಲಿ ವಿಶ್ವ ಮೇಳ ಶುರುವಾಗಲಿತ್ತು. ಪ್ರಕಾಶಕರ ಕಣ್ಣು ಮೇಳಕ್ಕೆ ಬರುವ ಪ್ರವಾಸಿಗರ ಮೇಲಿತ್ತು. ಮೆಕಾಸ್ಲೆಂಡ್ ಅವರ ಬರಹವನ್ನು ಮತ್ತೆ ಮತ್ತೆ ತಿದ್ದಿಸಿ, ಕತ್ತರಿಸಿ, ಕೊನೆಗೆ ಕಟ್ಟಡ ಯಾವಾಗ ಕಟ್ಟಿದ್ದು, ಎಲ್ಲಿದೆ ಎಂಬಂಥ ಮಾಹಿತಿ ಸಾಲುಗಳನ್ನು ಮಾತ್ರ ಉಳಿಸಿದರು. ಚಿತ್ರಗಳ ಕ್ರಮವೂ ಊರಿನ ದಕ್ಷಿಣ ತುದಿಯಿಂದ ಉತ್ತರಕ್ಕೆ ನಡೆಯುವವನ ದಾರಿಯಂತೆ ಆಯಿತು. 97 ಚಿತ್ರಗಳ ಪುಸ್ತಕ ಆ ವರ್ಷ ಹೊರಬಂತು. ಚಿತ್ರಗಳು ಅದ್ಭುತ, ಮಾತು ಮಾರ್ಗದರ್ಶಿ ಕೈಪಿಡಿಯದು.

ಚಿತ್ರಗಳಿಗೆ ಕೊಟ್ಟ ಸ್ವಾತಂತ್ರ್ಯವನ್ನು ಮಾತಿಗೆ ಯಾರೂ ಕಾಯಲಿಲ್ಲ. ನೆಗೆಟಿವ್ ಎಲ್ಲಿಗೆ ಸೇರಬೇಕೆಂಬುದಕ್ಕೆ ನಿಯಮವಿತ್ತು, ಪ್ರಿಂಟ್ ಎಲ್ಲಿಗೆ ಹೋಗಬೇಕೆಂಬುದಕ್ಕೂ ಇತ್ತು. ಚಿತ್ರದ ಕೆಳಗಿನ ಸಾಲು ಯಾರದ್ದು ಎಂಬ ಪ್ರಶ್ನೆ ಬಂದಾಗ ಕಲಾವಿದೆಯ ಬೆನ್ನಿಗೆ ಗಟ್ಟಿಯಾಗಿ ನಿಲ್ಲುವವರೇ ಇರಲಿಲ್ಲ. ಊರಿನ ಬಗ್ಗೆ ಏನು ತೋರಿಸುತ್ತೇವೆ ಎಂಬುದರಷ್ಟೇ, ತೋರಿಸಿದ್ದರ ಬಗ್ಗೆ ಏನು ಹೇಳುತ್ತೇವೆ ಎಂಬುದೂ ಆ ಊರಿನ ಚಿತ್ರದ ಭಾಗವೇ. ಈ ಪ್ರಕರಣದಲ್ಲಿ ಅರ್ಧ ಚಿತ್ರ ಹೀಗೆ ಕೈಬಿಟ್ಟುಹೋಯಿತು.

ಕಪಾಟಿನ ಕಥೆ

1939ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಸರ್ಕಾರದ ಈ ಉದ್ಯೋಗ ಯೋಜನೆಗಳ ಹಗ್ಗ ಬಿಗಿಯಿತು. ಹದಿನೆಂಟು ತಿಂಗಳಿಗಿಂತ ಹೆಚ್ಚು ಕೆಲಸದಲ್ಲಿದ್ದವರನ್ನು ತೆಗೆಯಬೇಕು, ವೆಚ್ಚದ ಕಾಲುಭಾಗವನ್ನು ಸ್ಥಳೀಯ ಬೆಂಬಲಿಗರು ಹೊರಬೇಕು ಎಂಬ ನಿಯಮಗಳು ಬಂದವು. ಆ ವರ್ಷವೇ ಆಬಟ್ ರಾಜೀನಾಮೆ ಕೊಟ್ಟರು. ಚಿತ್ರಗಳು ಮ್ಯೂಸಿಯಂನಲ್ಲಿ ಉಳಿದವು.

ಚಿತ್ರದಲ್ಲಿದ್ದ ಊರು ಒಂದೊಂದಾಗಿ ಕಳಚತೊಡಗಿತು. ಬೌರಿಯ ಮೇಲೆ ಹಾದುಹೋಗುತ್ತಿದ್ದ ಎತ್ತರದ ರೈಲುಹಳಿಗಳ ಕೆಳಗೆ ನೆರಳು ಬೆಳಕಿನ ಪಟ್ಟೆಗಳನ್ನು ಆಬಟ್ 1936ರಲ್ಲಿ ಹಿಡಿದಿದ್ದರು. ಆ ಎತ್ತರದ ರೈಲಿನ ಸೆಕೆಂಡ್ ಅವೆನ್ಯೂ ಮಾರ್ಗ 1942ರ ಹೊತ್ತಿಗೆ ಪೂರ್ತಿ ನಿಂತಿತು, ಮ್ಯಾನ್‌ಹಟನ್‌ನಲ್ಲಿ ಥರ್ಡ್ ಅವೆನ್ಯೂ ಮಾರ್ಗ 1955ರಲ್ಲಿ. ಪೆನ್ಸಿಲ್ವೇನಿಯಾ ಸ್ಟೇಷನ್‌ನ ಒಳಾಂಗಣ ಅವರ 1936ರ ಇನ್ನೊಂದು ಚಿತ್ರ. ಉಕ್ಕಿನ ಕಮಾನುಗಳ ನಡುವಿನ ಗಾಜಿನಿಂದ ಬೆಳಕು ಸುರಿಯುತ್ತಿದೆ. 1963ರ ಅಕ್ಟೋಬರ್‌ನಲ್ಲಿ ಅದನ್ನು ಕೆಡವಲು ಶುರುಮಾಡಿದರು. ಆ ನಾಶದ ಸಿಟ್ಟಿನಿಂದಲೂ ಬಲ ಪಡೆದ ಚಳವಳಿಯ ಫಲವಾಗಿ 1965ರಲ್ಲಿ ನ್ಯೂಯಾರ್ಕ್‌ಗೆ ಸ್ಮಾರಕ ಸಂರಕ್ಷಣಾ ಕಾನೂನು ಬಂತು. ಇಂದು ಆ ನಿಲ್ದಾಣದೊಳಗೆ ನಿಂತಂತೆ ಅನಿಸಬೇಕಾದರೆ ನಾವು ಹೋಗಬೇಕಾದದ್ದು ಆಬಟ್ ಅವರ ಚಿತ್ರದ ಬಳಿಗೆ.

ಮೆಕಾಸ್ಲೆಂಡ್ 1965ರಲ್ಲಿ ತೀರಿಕೊಂಡರು. ಆಬಟ್ ಮೇನ್ ರಾಜ್ಯದ ಹಳ್ಳಿಯೊಂದರಲ್ಲಿ ನೆಲೆಸಿ, 93 ವರ್ಷ ಬಾಳಿ 1991ರ ಡಿಸೆಂಬರ್‌ನಲ್ಲಿ ಹೋದರು. ಪ್ರಕಾಶಕರು ಕತ್ತರಿಸಿ ತೆಗೆದಿದ್ದ ಅಡಿಬರಹಗಳನ್ನು ಸಂಶೋಧಕಿಯೊಬ್ಬರು ಹುಡುಕಿ ತೆಗೆದು, ಚಿತ್ರಗಳ ಜತೆಗಿಟ್ಟು ಅಚ್ಚು ಹಾಕಿಸಿದ್ದು 2020ರಲ್ಲಿ.